ಕೆರೆ ಸಂಘದ ಸದಸ್ಯರ ತಮ್ಮನಿಗೇ ಜೆಸಿಬಿ ಕೆಲಸ ಕೊಟ್ಟಿದ್ದರೆ

ಮಾಲೂರು ಕಡೆಯ ನಿಮ್ಮ ಕೆರೆ ಸಂಘದಲ್ಲಿ ಹೂಳೆತ್ತುವ ಕೆಲಸ ಸಮಿತಿ ಸದಸ್ಯರ ತಮ್ಮನ ಜೆಸಿಬಿಗೆ ಹೋಗಿದೆ, ಅದಕ್ಕೆ ಜಗಳ ಎದ್ದಿದೆ ಅಂದಿರಿ. ದರ ತೀರ್ಮಾನಿಸುವಾಗ ಆ ಸದಸ್ಯರೂ ಸಭೆಯಲ್ಲೇ ಕೂತಿದ್ದದ್ದು ಜಗಳಕ್ಕೆ ಮೂಲ ಇರಬೇಕು. ದರ ನಿಜಕ್ಕೂ ಕಡಿಮೆಯಿದ್ದರೂ ಆಮೇಲೆ ಯಾರೂ ನಂಬುವುದಿಲ್ಲ.

ಮೊದಲು ಬೈಲಾ (ಸಂಘದ ನಿಯಮಾವಳಿ) ಮತ್ತು ಸಭೆಯ ತೀರ್ಮಾನಗಳನ್ನು ಬರೆದಿಡುವ ನಡಾವಳಿ ಪುಸ್ತಕ ತೆಗೆದು ನೋಡಿ. ಸ್ವಹಿತದ ಬಗ್ಗೆ, ಅಂದರೆ ಸದಸ್ಯರಿಗೋ ಅವರ ಮನೆಯವರಿಗೋ ಲಾಭ ಇರುವ ವಿಷಯದ ಬಗ್ಗೆ, ಕಲಂ ಇದ್ದರೆ ಅದರಂತೆಯೇ ನಡೆಯಿರಿ. ಇಲ್ಲದಿದ್ದರೆ ಅಂಥ ಸದಸ್ಯರು ಚರ್ಚೆಯಿಂದ ಹೊರಗಿರಬೇಕು ಎಂಬ ಸಮಿತಿ ಠರಾವು ಸದ್ಯಕ್ಕೆ ಸಾಕು. ಬೈಲಾ ತಿದ್ದುಪಡಿಯನ್ನು ಮುಂದಿನ ಸರ್ವಸದಸ್ಯರ ಸಭೆಗೆ ಇಡಿ.

ಆಮೇಲೆ ದರದ ವಿಷಯವನ್ನು ಹೊಸದಾಗಿ ಸಭೆಗೆ ತನ್ನಿ. ಆ ಸದಸ್ಯರು ಸಂಬಂಧವನ್ನು ಬರಹದಲ್ಲಿ ತಿಳಿಸಿ, ಚರ್ಚೆ ಶುರುವಾಗುವ ಮೊದಲೇ ಹೊರಗೆ ಹೋಗಬೇಕು. ಸುಮ್ಮನೆ ಮತ ಹಾಕದೆ ಕೂತರೆ ಸಾಲದು, ಎದುರಿಗಿದ್ದರೆ ಉಳಿದವರು ದಾಕ್ಷಿಣ್ಯಕ್ಕೆ ಬೀಳುತ್ತಾರೆ. ಎದ್ದು ಹೋದ ಸಮಯ, ವಾಪಸ್ ಬಂದ ಸಮಯ ಎರಡೂ ನಡಾವಳಿಯಲ್ಲಿ ಬರಲಿ. ಇಲ್ಲೇ ಹೆಚ್ಚು ಜನ ಎಡವುವುದು: ಅವರು ಹೊರಗೆ ಹೋದಮೇಲೆ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ) ಉಳಿಯುತ್ತದೆಯೇ ಎಂದು ಮೊದಲೇ ಎಣಿಸಿಕೊಳ್ಳಿ. ನಡಾವಳಿಯನ್ನು ಅಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಿಸಿ. ಮನೆಯಲ್ಲಿ ಕೂತು ಬರೆದದ್ದಕ್ಕೆ ಬೆಲೆಯಿಲ್ಲ.

ಕನಿಷ್ಠ 3 ಮುಚ್ಚಿದ ಕೊಟೇಶನ್ ತರಿಸಿ ಸಭೆಯಲ್ಲೇ ಒಡೆಯಿರಿ. ತಮ್ಮನದೂ ಬರಲಿ, ತಡೆಯಬೇಕಿಲ್ಲ.

ಗಂಟೆ ಲೆಕ್ಕದ ಬಾಡಿಗೆಯಾದರೆ ದಿನವೂ ಬೆಳಿಗ್ಗೆ, ಸಂಜೆ ಮೀಟರ್ ರೀಡಿಂಗ್ ಬರೆದು ಸಂಬಂಧವಿಲ್ಲದ ಇಬ್ಬರು ಸಹಿ ಹಾಕಲಿ. ಬಿಲ್ ಪಾಸಾಗುವವರೆಗೆ ವಾಟ್ಸಾಪ್ ಗುಂಪಿನಲ್ಲಿ ಆರೋಪ ಬೇಡ; ಆಕ್ಷೇಪಣೆಯನ್ನು ಕಾರ್ಯದರ್ಶಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.