ಕಂಕುಳ ಬೆವರಿನ ಲೇಖನ ಬರೆದವರಿಗೆ

ನಮಸ್ಕಾರ.

ಹಾನಗಲ್‌ನಿಂದ ನೀವು ಕಳಿಸಿದ, ಅಪೋಕ್ರೈನ್ (ಮುಖ್ಯವಾಗಿ ಕಂಕುಳು, ಜನನಾಂಗದ ಸುತ್ತ ಇರುವ) ಬೆವರು ಗ್ರಂಥಿಗಳ ರಚನೆ, ಕೆಲಸ, ರೋಗಗಳ ಬಗೆಗಿನ ಲೇಖನ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡುವ ಮನಸ್ಸೂ ಇಲ್ಲ. ಕಂಕುಳು, ತೊಡೆಸಂದಿಯ ತೊಂದರೆ ಬಗ್ಗೆ ನಮ್ಮ ಕಡೆ ಮನೆಯಲ್ಲೇ ಬಾಯಿಬಿಡುವುದಿಲ್ಲ. ನರ್ಸಿಂಗ್ ಓದುತ್ತಿರುವ ನೀವು ಅದನ್ನು ಬರೆಯಲು ಕೂತಿರಿ, ಅದು ದೊಡ್ಡ ಮಾತು. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲು ನೀವು ಕೈಯಲ್ಲಿ ಬಿಡಿಸಿದ ಚಿತ್ರ ನೋಡೋಣ. ಚರ್ಮದ ಆಳದಲ್ಲಿ ಸುರುಳಿ ಸುತ್ತಿದ ಗ್ರಂಥಿ, ಅದರ ಸುತ್ತ ಹಿಂಡುವ ಜೀವಕೋಶಗಳು, ಪಕ್ಕದಲ್ಲಿ ಒಂದು ಕೂದಲು. ಇಷ್ಟು ಸರಿಯಾಗಿದೆ. ಆದರೆ ಗ್ರಂಥಿಯ ನಾಳವನ್ನು ನೆಟ್ಟಗೆ ಚರ್ಮದ ಮೇಲಕ್ಕೆ ತಂದು ಬಿಟ್ಟಿದ್ದೀರಿ. ಅದು ಎಕ್ರೈನ್, ಅಂದರೆ ಮೈತುಂಬ ಇರುವ ಮಾಮೂಲಿ ಬೆವರು ಗ್ರಂಥಿಯ ದಾರಿ. ಅಪೋಕ್ರೈನ್ ನಾಳ ಸಾಮಾನ್ಯವಾಗಿ ಕೂದಲು ಹೊರಬರುವ ಕೊಳವೆಯೊಳಗೆ ತೆರೆಯುತ್ತದೆ, ಎಣ್ಣೆ ಗ್ರಂಥಿ ತೆರೆಯುವ ಜಾಗಕ್ಕಿಂತ ತುಸು ಮೇಲೆ. ಒಂದು ಗೆರೆ ತಪ್ಪಿದರೆ ಏನಾಯ್ತು ಅನಿಸಬಹುದು. ನಿಮ್ಮ ಲೇಖನದ ಅತಿ ದೊಡ್ಡ ತಪ್ಪು ಆ ಗೆರೆಯಿಂದಲೇ ಶುರುವಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಪುಟದಲ್ಲಿ ಬ್ಯಾಡಗಿ ಮಾರ್ಕೆಟ್ ಬರುತ್ತದೆ. ಬಿಸಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಹಣೆಯಿಂದ ಇಳಿಯುವ ಬೆವರು, ಘಾಟಿಗೆ ಸೆರಗಲ್ಲಿ ಮೂಗು ಮುಚ್ಚಿಕೊಳ್ಳುವುದು. ಇಡೀ ಲೇಖನದಲ್ಲಿ ಚೆನ್ನಾಗಿ ಬಂದಿರುವ ಭಾಗ ಇದೇ. ಆದರೆ ಆ ಬೆವರು ನೀವು ಬರೆಯುತ್ತಿರುವ ಅಪೋಕ್ರೈನ್ ಗ್ರಂಥಿಯದಲ್ಲ. ಮೈ ತಣ್ಣಗಾಗಿಸುವ ಕೆಲಸ ಎಕ್ರೈನ್ ಗ್ರಂಥಿಗಳದು. ಅವು ಮೈತುಂಬ 20ರಿಂದ 40 ಲಕ್ಷ ಇವೆ, ನೀರಿನಂಥ ಬೆವರು ಬಿಡುತ್ತವೆ. ಅಪೋಕ್ರೈನ್ ಇರುವುದು ಮುಖ್ಯವಾಗಿ ಕಂಕುಳು, ಮೊಲೆತೊಟ್ಟಿನ ಸುತ್ತ, ಜನನಾಂಗ ಮತ್ತು ಗುದದ್ವಾರದ ಸುತ್ತಮುತ್ತ. ಹುಟ್ಟುವಾಗಲೇ ಇದ್ದರೂ ಹರೆಯ ಬರುವವರೆಗೆ ಕೆಲಸ ಮಾಡುವುದಿಲ್ಲ. ಅವಕ್ಕೆ ಚುರುಕು ಮುಟ್ಟಿಸುವುದು ಭಯ, ಆತಂಕ, ನೋವು. ಧಾರವಾಡದ ಕೋಚಿಂಗ್ ಹುಡುಗ ಇಂಟರ್‌ವ್ಯೂ ಕೋಣೆಯ ಹೊರಗೆ ಕಾಯುತ್ತ ಕೂತಿದ್ದಾನಲ್ಲ, ಈ ಗ್ರಂಥಿಗೆ ಉದಾಹರಣೆ ಬೇಕಿದ್ದರೆ ಅವನನ್ನು ತನ್ನಿ. ಬ್ಯಾಡಗಿಯನ್ನೂ ಬಿಡಬೇಡಿ, ಎರಡು ಬೆವರಿನ ವ್ಯತ್ಯಾಸ ತೋರಿಸಲು ಬಳಸಿ.

ವಾಸನೆಯ ಭಾಗದಲ್ಲಿ 'ಈ ಬೆವರೇ ನಾತ ಹೊಡೆಯುತ್ತದೆ' ಎಂದು ಬರೆದಿದ್ದೀರಿ. ಗ್ರಂಥಿಯಿಂದ ಹೊರಬರುವಾಗ ಅದಕ್ಕೆ ವಾಸನೆಯೇ ಇರುವುದಿಲ್ಲ. ಹಾಲಿನ ಹಾಗೆ ತುಸು ಮಂದ, ಪ್ರೋಟೀನು, ಕೊಬ್ಬು ಬೆರೆತಿರುತ್ತದೆ. ಚರ್ಮದ ಮೇಲಿರುವ ಕೊರಿನೆಬ್ಯಾಕ್ಟೀರಿಯಂನಂಥ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಇಲ್ಲಿ ನೀವು ಬಿಟ್ಟುಬಿಟ್ಟ ಒಂದು ಚೆಂದದ ಸಂಗತಿ ಇದೆ. ಕಿವಿಯ ಗುಗ್ಗೆ ಒಣಗಿದ್ದೋ ಅಂಟಂಟೋ ಎಂಬುದನ್ನು ತೀರ್ಮಾನಿಸುವ ಎಬಿಸಿಸಿ11 ಎಂಬ ಜೀನ್ ಕಂಕುಳ ವಾಸನೆಯನ್ನೂ ನಿರ್ಧರಿಸುತ್ತದೆ. ಗುಗ್ಗೆಯ ನಂಟನ್ನು 2006ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆ ಮಾಡಿದರು. ಒಣ ಗುಗ್ಗೆಯವರು ಪೂರ್ವ ಏಷ್ಯಾದಲ್ಲಿ ಜಾಸ್ತಿ, ಅವರಿಗೆ ಕಂಕುಳ ವಾಸನೆಯೂ ಕಡಿಮೆ. ಓದುಗರು ಇಂಥದ್ದನ್ನು ಪಕ್ಕದವರಿಗೆ ಓದಿ ಹೇಳುತ್ತಾರೆ, ಅಲ್ವಾ? ಸೇರಿಸಿ.

ಈಗ ಆ ಗೆರೆಯ ವಿಷಯ. ಹಿಡ್ರಾಡಿನೈಟಿಸ್ ಸಪ್ಯುರೇಟಿವಾ, ಅಂದರೆ ಕಂಕುಳು, ತೊಡೆಸಂದಿಯಲ್ಲಿ ಮತ್ತೆ ಮತ್ತೆ ಏಳುವ ಕುರು. ಇದನ್ನು 'ಸ್ವಚ್ಛತೆ ಇಲ್ಲದವರ ಅಪೋಕ್ರೈನ್ ಗ್ರಂಥಿಗೆ ತಗಲುವ ಸೋಂಕು' ಎಂದಿದ್ದೀರಿ. ಬೆವರು ಗ್ರಂಥಿಯ ರೋಗ ಎಂಬ ಮಾತು 1854ರಲ್ಲಿ ಫ್ರಾನ್ಸಿನ ವರ್ನೂಯ್ ಎಂಬ ಸರ್ಜನ್ ಹೇಳಿದ್ದು, ಬಹಳ ಕಾಲ ಪಠ್ಯಪುಸ್ತಕಗಳಲ್ಲೂ ಉಳಿಯಿತು. ಈಗಿನ ತಿಳಿವಳಿಕೆ ಬೇರೆ. ತೊಂದರೆ ಶುರುವಾಗುವುದು ಕೂದಲ ಕೊಳವೆಯಲ್ಲಿ. ಅದರ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಉಬ್ಬಿ ಒಡೆಯುತ್ತದೆ, ಸುತ್ತ ಉರಿಯೂತ ಏಳುತ್ತದೆ. ಅಪೋಕ್ರೈನ್ ಗ್ರಂಥಿ ಆಮೇಲೆ ಅದರಲ್ಲಿ ಸಿಕ್ಕಿಬೀಳುತ್ತದೆ. ನಾಳ ಎಲ್ಲಿ ತೆರೆಯುತ್ತದೆ ಎಂದು ಚಿತ್ರದಲ್ಲಿ ಸರಿಯಾಗಿ ತೋರಿಸಿದರೆ ಇದು ತಾನಾಗಿ ಅರ್ಥವಾಗುತ್ತದೆ.

'ಸ್ವಚ್ಛತೆ ಇಲ್ಲದವರ' ಎಂಬುದನ್ನು ದಯವಿಟ್ಟು ಹೊಡೆದುಹಾಕಿ. ಇದು ಕೊಳೆಯಿಂದ ಬರುವ ರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ದಿನಕ್ಕೆರಡು ಸಲ ಸ್ನಾನ ಮಾಡುವವರಿಗೂ ಬರುತ್ತದೆ. ಮನೆತನದಲ್ಲಿ ಬರುವುದುಂಟು. ಬೀಡಿ ಸಿಗರೇಟು ಸೇದುವವರಲ್ಲಿ, ಮೈಭಾರ ಜಾಸ್ತಿ ಇರುವವರಲ್ಲಿ ಹೆಚ್ಚು ಕಾಣುತ್ತದೆ. ನಮ್ಮ ಓದುಗರಲ್ಲಿ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಕುಪ್ಪಸಕ್ಕೆ ಕೀವಿನ ಕಲೆ ಆಗುತ್ತದೆಂದು ಮದುವೆ ಮನೆಗೂ ಹೋಗುವುದಿಲ್ಲ. ಮನೆಯವರು 'ಉಷ್ಣ ಆಗೇತಿ, ತಂಪು ಕುಡಿ' ಅಂತಾರೆ. ನಿಮ್ಮ ಆ ಎರಡು ಪದ ಓದಿದರೆ ಅವಳು ಡಾಕ್ಟರ ಹತ್ತಿರ ಹೋಗುವುದಿಲ್ಲ, ಇನ್ನೊಂದು ಸೋಪು ಕೊಳ್ಳುತ್ತಾಳೆ ಅಷ್ಟೇ. ವರ್ಷ ಕಳೆದಂತೆ ಚರ್ಮದ ಕೆಳಗೆ ಕುರುವಿನಿಂದ ಕುರುವಿಗೆ ಸುರಂಗ ಬೀಳುತ್ತದೆ, ಗಾಯದ ಗಂಟು ಬಿಗಿದು ತೋಳು ಎತ್ತುವುದೂ ಕಷ್ಟವಾಗಬಹುದು.

ಅವಳಿಗೆ ಬೇಕಾದ ಮಾತು ನಿಮ್ಮ ಲೇಖನದಲ್ಲಿ ಇಲ್ಲ. ಇಂಥ ಜಾಗದಲ್ಲಿ 6 ತಿಂಗಳಲ್ಲಿ 2 ಸಲ ಕುರು ಎದ್ದರೆ ಚರ್ಮದ ಡಾಕ್ಟರಿಗೆ ತೋರಿಸಬೇಕು. ಹಿಸುಕಬಾರದು. ಬರೀ ಕೊಯ್ದು ಕೀವು ತೆಗೆಸಿದರೆ ನೋವು ಇಳಿಯುತ್ತದೆ, ಕುರು ಮತ್ತೆ ಬರುವುದೇ ಜಾಸ್ತಿ. ರೋಗಕ್ಕೆ 3 ಹಂತ ಗುರುತಿಸುತ್ತಾರೆ, ಹಂತ ನೋಡಿ ಹಚ್ಚುವ ಔಷಧ, ಆಂಟಿಬಯಾಟಿಕ್, ಇಂಜೆಕ್ಷನ್, ಆಪರೇಷನ್ ಇವೆ. ಅಡಾಲಿಮುಮ್ಯಾಬ್ ಎಂಬ ಇಂಜೆಕ್ಷನ್‌ಗೆ 2015ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆಂದೇ ಒಪ್ಪಿಗೆ ಸಿಕ್ಕಿತು. ಇದನ್ನೆಲ್ಲ ಲೇಖನದ ಮೊದಲರ್ಧಕ್ಕೇ ತನ್ನಿ.

ಜಾಗ ಬೇಕಲ್ಲ, ಬಣ್ಣದ ಬೆವರನ್ನು ಕಡಿಮೆ ಮಾಡಿ. ಹಳದಿ, ಹಸಿರು, ನೀಲಿ ಬೆವರು ಎಂದು ಒಂದೂವರೆ ಪುಟ ಬರೆದಿದ್ದೀರಿ. ಬಹಳ ಅಪರೂಪದ್ದು, ಲಿಪೋಫಸಿನ್ ಎಂಬ ಬಣ್ಣದ ವಸ್ತುವಿನಿಂದ ಆಗುವಂಥದ್ದು, ಮೂರು ಸಾಲು ಸಾಕು. ಫಾಕ್ಸ್-ಫೋರ್ಡೈಸ್ ರೋಗ ಇರಲಿ. ಕಂಕುಳಲ್ಲಿ ಸಣ್ಣ ಸಣ್ಣ ಗುಳ್ಳೆ, ವಿಪರೀತ ತುರಿಕೆ, ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಿಗೆ. ಬೆವರುಸಾಲೆ ಅಂದುಕೊಂಡು ಪೌಡರ್ ಹಾಕಿಕೊಂಡು ಸುಮ್ನಿರುತ್ತಾರೆ.

ತಿದ್ದಿದ ಮೇಲೆ ನಿಮ್ಮ ಕಾಲೇಜಿನ ಚರ್ಮರೋಗದ ಮೇಡಂ ಅಥವಾ ಸರ್ ಒಬ್ಬರಿಗೆ ಓದಲು ಕೊಡಿ. ಚಿತ್ರ ಮಾತ್ರ ನೀವೇ ಬಿಡಿಸಿ. ನಿಮ್ಮ ಗೆರೆ ಚೆನ್ನಾಗಿದೆ, ಅದನ್ನೇ ಅಚ್ಚು ಹಾಕುತ್ತೇವೆ. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗೆ ಇಟ್ಟಿರುತ್ತೇನೆ.

ಸಂಪಾದಕ, ಧಾರವಾಡ