‘ಸ್ಟೇಬಲ್’ ಅನ್ನೋ ಪದವನ್ನೇ ಮೊದಲು ಬಿಡಿಸಿ

ಮನೋರೋಗ ವಾರ್ಡಿನಲ್ಲಿ ರಾತ್ರಿ ಪಾಳಿಯವರು ‘ಎಲ್ಲಾ ಸ್ಟೇಬಲ್, ಚೆನ್ನಾಗಿ ಮಲಗಿದ್ರು’ ಅಂತ ಪಾಳಿ ಬದಲಾಗುವಾಗಿನ ವರದಿಯನ್ನು ಐದೇ ನಿಮಿಷದಲ್ಲಿ ಮುಗಿಸಿ ಹೋಗ್ತಾರೆ, ಏನು ಮಾಡೋದು ಅಂತ ಕೇಳಿದ್ದೀರಿ. ಇಂಥದೇ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವಳಾಗಿ ಹೇಳ್ತೀನಿ: ವಿಶೇಷಣ ಬೇಡ, ಕಂಡದ್ದನ್ನು ಹೇಳಿಸಿ.

‘ಅಗ್ರೆಸಿವ್ ಆಗಿದ್ರು’ ಅಂದರೆ ನಮಗೆ ಸಿಗೋದು ಭಯ ಮಾತ್ರ. ‘ಸಂಜೆ 7ಕ್ಕೆ ಫೋನ್ ಕೊಡಲಿಲ್ಲ ಅಂತ ಬಾಗಿಲು ಒದ್ದರು, ಅಣ್ಣನ ಜೊತೆ ಮಾತಾಡಿಸಿದ ಮೇಲೆ ತಣ್ಣಗಾದರು’ ಅಂದರೆ ಕೆರಳಿಸಿದ್ದೇನು, ಸಮಾಧಾನ ಮಾಡಿದ್ದೇನು, ಎರಡೂ ಗೊತ್ತಾಗುತ್ತೆ. ಎರಡನೆಯದನ್ನು ಯಾರೂ ಬರೆಯೋದಿಲ್ಲ ಅನ್ನೋದೇ ನನ್ನ ದೊಡ್ಡ ಸಂಕಟ.

ಮೊದಲು ಆತ್ಮಹತ್ಯೆಯ ಅಪಾಯ ಇರುವವರ ವಿಷಯ ಬರಲಿ. ಈಗ ಅವರ ಮೇಲೆ ಯಾರ ಕಣ್ಣಿದೆ ಅನ್ನೋದನ್ನೂ ಹೆಸರು ಹಿಡಿದು ಹೇಳಲಿ. ಕುಗ್ಗಿದ್ದವರು ದಿಢೀರನೆ ಹಗುರಾಗಿ ಕಂಡರೆ ಅದನ್ನು ‘ಸುಧಾರಣೆ’ ಅಂತ ದಾಟಿಸಬೇಡಿ, ವೈದ್ಯರಿಗೆ ತಿಳಿಸಿ. ನಿದ್ದೆಯನ್ನು ಗಂಟೆಗಳಲ್ಲಿ ಹೇಳಲಿ, ಉನ್ಮಾದ ಮರುಕಳಿಸುವಾಗ ಮೊದಲು ಕಡಿಮೆಯಾಗೋದು ಅನೇಕ ಸಲ ಅದೇ. ಲಿಥಿಯಂ (ಮನಸ್ಥಿತಿಯ ಏರಿಳಿತ ಹತೋಟಿಯಲ್ಲಿಡುವ ಔಷಧ) ತಗೊಳ್ಳುವವರಿಗೆ ವಾಂತಿ, ಭೇದಿ ಅಥವಾ ಕೈನಡುಕ ಹೆಚ್ಚಾಗಿದ್ದರೆ ಮುಂದಿನ ಡೋಸ್ ಕೊಡುವ ಮುಂಚೆಯೇ ವೈದ್ಯರಿಗೆ ಗೊತ್ತಾಗಬೇಕು. ಕ್ಲೋಜಾಪಿನ್ ಅನ್ನೋ ಮನೋರೋಗದ ಔಷಧ ತಗೊಳ್ತಿದ್ದರೆ ಮಲಬದ್ಧತೆ ಇದೆಯಾ ಅಂತ ಕೇಳಿ, ಮುಜುಗರ ಬೇಡ.

ರೋಗಿಯನ್ನು ಕಟ್ಟಿಹಾಕಿದ್ದರೆ ಯಾರ ಆದೇಶ, ಎಷ್ಟೊತ್ತಿಗೆ, ಕೈಕಾಲಿನ ರಕ್ತಸಂಚಾರ ಹೇಗಿದೆ ಎಲ್ಲವೂ ದಾಖಲೆಯಲ್ಲಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಅದನ್ನು ಶಿಕ್ಷೆಯಾಗಿಯಾಗಲಿ, ಸಿಬ್ಬಂದಿ ಕಡಿಮೆ ಅಂತಾಗಲಿ ಬಳಸುವಂತಿಲ್ಲ.

ತಲೆ ಎಣಿಕೆ, ಕಿಟಕಿ, ಬಾತ್‌ರೂಮ್ ಎಲ್ಲವನ್ನೂ ಎರಡೂ ಪಾಳಿಯವರು ಒಟ್ಟಿಗೆ ನಡೆದೇ ನೋಡಿ. ಮನೆಯ ಗುಟ್ಟುಗಳನ್ನು ಮಾತ್ರ ಮಂಚದ ಪಕ್ಕ ಆಡಬೇಡಿ, ಪಕ್ಕದವರು ಕೇಳಿಸಿಕೊಳ್ತಿರ್ತಾರೆ.