ಮೂವತ್ತು ದಿನ ರಜೆಯನ್ನೂ ಊರಿಗೇ ಸುರಿಯಬೇಡ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎರಡು ತಿಂಗಳಾದ ಹುಡುಗನೊಬ್ಬ ಕೇಳಿದ್ದಾನೆ: “ಅಣ್ಣಾ, ವರ್ಷಕ್ಕೆ 30 ದಿನ ರಜೆ ಅಂತ ಕಾಂಟ್ರಾಕ್ಟ್‌ನಲ್ಲಿದೆ. ಒಂದನ್ನೂ ಮುಟ್ಟದೆ ಕೂಡಿಟ್ಟು ಒಂದೇ ಸಲ ಊರಿಗೆ ಹೋಗಿ ಬರೋಣ ಅಂತಿದ್ದೀನಿ. ಸರೀನಾ? ಆಮೇಲೆ, ಈ ಊರಲ್ಲಿ ಭಾನುವಾರ ಕಳೆಯೋದು ಹೇಗೆ?” ಬಂದ ಹೊಸದರಲ್ಲಿ ನನ್ನ ಲೆಕ್ಕವೂ ಇದೇ ಇತ್ತು, ಇಲ್ಲಿ ಇಳಿದ ನಮ್ಮವರಲ್ಲಿ ಮುಕ್ಕಾಲು ಪಾಲಿನವರದ್ದೂ ಇದೇ. ಆದರೂ ಹೇಳುತ್ತೇನೆ, ಬೇಡ.

ಮೊದಲು ಕೈಯಲ್ಲಿ ಎಷ್ಟಿದೆ ನೋಡಿಕೋ. ಜರ್ಮನಿಯ ಕಾಯಿದೆ ಕೊಡುವುದು ಆರು ದಿನದ ವಾರಕ್ಕೆ 24 ದಿನ, ಐದು ದಿನದ ವಾರಕ್ಕೆ 20. ಉಳಿದ ಹತ್ತು ಕಂಪನಿಯದ್ದು ಅಥವಾ ಯೂನಿಯನ್ ಒಪ್ಪಂದದ್ದು. ಅದರ ಷರತ್ತು ಬೇರೆಯಿರಬಹುದು, ಕಾಂಟ್ರಾಕ್ಟ್ ಓದು. ಕೆಲಸಕ್ಕೆ ಸೇರಿ ಆರು ತಿಂಗಳಾಗುವವರೆಗೆ ಪೂರ್ತಿ ರಜೆ ಹಕ್ಕಾಗುವುದಿಲ್ಲ. ತುಂಬಿದ ಒಂದೊಂದು ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ನಿನಗೆ ಎರಡೂವರೆ ದಿನ. ಸದ್ಯಕ್ಕೆ ನಿನ್ನ ಹತ್ತಿರ ಇರುವುದು ಐದೇ. ಕೂಡಿಟ್ಟದ್ದು ಸಾಮಾನ್ಯವಾಗಿ ಡಿಸೆಂಬರ್ 31ಕ್ಕೆ ಹೋಗುತ್ತದೆ. ಮಾರ್ಚ್ 31ರವರೆಗೆ ಎಳೆಯಲು ಕಾಯಿದೆ ಬಲವಾದ ಕಾರಣ ಕೇಳುತ್ತದೆ, ಹಲವು ಕಂಪನಿಗಳು ಮಾತ್ರ ಕೇಳದೆಯೇ ಬಿಡುತ್ತವೆ. ಯುರೋಪಿನ ನ್ಯಾಯಾಲಯ 2018ರಲ್ಲಿ ಕೊಟ್ಟ ತೀರ್ಪಿನ ಮೇಲೆ, “ನಿನ್ನ ರಜೆ ಉಳಿದಿದೆ, ತೆಗೆದುಕೊಳ್ಳದಿದ್ದರೆ ಹೋಗುತ್ತದೆ” ಎಂದು ಕಂಪನಿ ತಿಳಿಸಲೇಬೇಕು. ತಿಳಿಸದಿದ್ದರೆ ಕಾಯಿದೆಯ ರಜೆ ತಾನಾಗಿ ರದ್ದಾಗುವುದಿಲ್ಲ. ತಿಳಿಸುತ್ತಾರೆ, ಜರ್ಮನ್‌ನಲ್ಲಿ, ಒಂದು ಇಮೇಲ್‌ನಲ್ಲಿ. ಅದನ್ನು ತೆರೆಯದೆ ಬಿಡುವವರು ನಾವು.

ಈಗ ಕ್ಯಾಲೆಂಡರ್. ನೀನಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಸರ್ಕಾರಿ ರಜೆ 12. ಭಾನುವಾರ ಬಿದ್ದರೆ ಬದಲಿ ದಿನ ಕೊಡುವುದಿಲ್ಲ. 2026ರಲ್ಲಿ ಅಕ್ಟೋಬರ್ 3 ಶನಿವಾರ, ನವೆಂಬರ್ 1 ಭಾನುವಾರ, ಎರಡೂ ನೀರಿನಲ್ಲಿ ಹೋಮ. ಆದರೆ ಈಸ್ಟರ್ ಹಬ್ಬಕ್ಕೆ ಕಟ್ಟಿಕೊಂಡ ರಜೆಗಳು ಯಾವ ವರ್ಷವೂ ಕೈಕೊಡುವುದಿಲ್ಲ. ಗುಡ್ ಫ್ರೈಡೇ ಹಿಂದಿನ ಸೋಮವಾರದಿಂದ ಗುರುವಾರದವರೆಗೆ ನಾಲ್ಕು, ಈಸ್ಟರ್ ಸೋಮವಾರದ ನಂತರ ನಾಲ್ಕು, ಒಟ್ಟು ಎಂಟು ರಜೆ ಹಾಕಿದರೆ ಶನಿವಾರ, ಭಾನುವಾರ ಸೇರಿ 16 ದಿನ ಬಿಡುವು. ಇದೇ ಲೆಕ್ಕ ಇನ್ನೊಮ್ಮೆ ಬರುತ್ತದೆ. ಫಿಂಗ್‌ಸ್ಟನ್ ಅಂದರೆ ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಹಬ್ಬ. ಅದರ ಸೋಮವಾರ ರಜೆ, ಅಲ್ಲಿಂದ ಹತ್ತು ದಿನ ಕಳೆದರೆ, ಗುರುವಾರ, ಫ್ರೋನ್‌ಲೈಖ್‌ನಾಮ್ ಅನ್ನುವ ಇನ್ನೊಂದು ಕ್ರೈಸ್ತ ಹಬ್ಬದ ರಜೆ. ಆ ಎರಡು ವಾರಕ್ಕೂ ಎಂಟೇ ರಜೆ, 16 ದಿನ; 2026ರಲ್ಲಿ ಅದು ಮೇ 23ರಿಂದ ಜೂನ್ 7. ಬರ್ಲಿನ್, ಹ್ಯಾಂಬರ್ಗ್ ಕಡೆ ಫ್ರೋನ್‌ಲೈಖ್‌ನಾಮ್ ರಜೆಯಿಲ್ಲ, ಅಲ್ಲಿಯವರ ಸಲಹೆ ಕೇಳಿ ಟಿಕೆಟ್ ಮಾಡಬೇಡ. ಇನ್ನು, ಶಾಲೆಗೆ ಹೋಗುವ ಮಕ್ಕಳಿರುವ ಸಹೋದ್ಯೋಗಿಗಳೂ ಅದೇ ವಾರಗಳನ್ನು ಕೇಳುತ್ತಾರೆ, ಮನೆಯ ಪರಿಸ್ಥಿತಿ ನೋಡಿ ಅವರಿಗೆ ಆದ್ಯತೆ ಸಿಗುವುದು ನ್ಯಾಯವೇ. ಜನವರಿಯಲ್ಲೇ ಟೀಮಿನ ಪಟ್ಟಿಯಲ್ಲಿ ಹೆಸರು ಹಾಕು. ಒಪ್ಪಿಗೆ ಬರುವ ಮೊದಲು ಟಿಕೆಟ್ ತೆಗೆಯುವುದು ನಮ್ಮವರ ಹಳೆಯ ಚಾಳಿ. ಇಲ್ಲಿ ಅದು ನಡೆಯುವುದಿಲ್ಲ. ಡಿಸೆಂಬರ್ 24 ಮತ್ತು 31 ಸರ್ಕಾರಿ ರಜೆಯಲ್ಲ, ಅದನ್ನೂ ಕೇಳಿಕೋ.

ಎಲ್ಲವನ್ನೂ ಊರಿಗೆ ಯಾಕೆ ಹಾಕಬಾರದು? ಊರಿಗೆ ಹೋಗುವುದು ಕರ್ತವ್ಯ, ಸಂತೋಷ, ಎರಡೂ ಹೌದು. ವಿಶ್ರಾಂತಿ ಮಾತ್ರ ಅಲ್ಲ. ಬ್ಯಾಂಕಿನ ಕೆವೈಸಿ, ಆಧಾರ್ ತಿದ್ದುಪಡಿ, ಖಾತೆ, ಹಲ್ಲಿನ ಡಾಕ್ಟರು, ಎರಡು ಮದುವೆ, ಒಂದು ಗೃಹಪ್ರವೇಶ, ಕುಲದೇವರು. ಅತ್ತೆ ಮನೆಗೆ ಹೋಗಿ ಚಿಕ್ಕಪ್ಪನ ಮನೆಗೆ ಹೋಗದಿದ್ದರೆ ಏನಾಗುತ್ತದೆಂದು ನಿನಗೆ ಹೇಳಬೇಕಿಲ್ಲ. ಹೀಗೆ ಆರು ವಾರ ಓಡಾಡಿ ಬಂದವನಿಗೆ ಮುಂದಿನ ಹತ್ತು ತಿಂಗಳು ಒಂದು ಶುಕ್ರವಾರವೂ ಸಿಗುವುದಿಲ್ಲ. ಜರ್ಮನಿಯ ಕಾಯಿದೆ ವರ್ಷದಲ್ಲಿ ಒಂದು ಪಾಲು ರಜೆಯಾದರೂ ಎರಡು ವಾರ ಸತತವಾಗಿರಲಿ ಅನ್ನುತ್ತದೆ. ಅದು ಸೋಮಾರಿಗಳಿಗಾಗಿ ಬರೆದ ಮಾತಲ್ಲ: ಮೊದಲ ಕೆಲವು ದಿನ ತಲೆ ಇನ್ನೂ ಆಫೀಸಿನಲ್ಲೇ ಇರುತ್ತದೆ, ಕೊನೆಯ ಒಂದೆರಡು ದಿನ ಮತ್ತೆ ಅಲ್ಲಿಗೇ ಹೋಗುತ್ತದೆ. ನಡುವೆ ಉಳಿಯುವುದೇ ನಿಜವಾದ ಬಿಡುವು. ನಾಲ್ಕು ದಿನದ ರಜೆಯಲ್ಲಿ ಆ ನಡುವೆ ಅನ್ನುವುದೇ ಇಲ್ಲ.

ನಾನು ಹೇಳುವ ಹಂಚಿಕೆ ಹೀಗೆ. ಫಿಂಗ್‌ಸ್ಟನ್‌ನ ಎಂಟಕ್ಕೆ ಇನ್ನೈದು ಸೇರಿಸಿದರೆ 13 ರಜೆಗೆ ಊರು, ಪ್ರಯಾಣ, ಬಂದ ಮೇಲಿನ ಶನಿವಾರ ಭಾನುವಾರ ಎಲ್ಲ ಸೇರಿ 23 ದಿನ. ಮಾವಿನ ಹಣ್ಣಿನ ಕೊನೆ, ಮಳೆಯ ಆರಂಭ. ಮದುವೆ ಮುಂಜಿಗಳ ಕಾಟ ಬೇಡವಾದರೆ ಆಷಾಢಕ್ಕೆ ಹೋಗು, ಅಪ್ಪ ಅಮ್ಮನ ಜೊತೆ ಸುಮ್ಮನೆ ಕೂರಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಕಚೇರಿ ಕೆಲಸವನ್ನೆಲ್ಲ ಮೊದಲ ವಾರಕ್ಕೇ ಹಾಕು, ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಲ್ಲ ಅನ್ನುವುದು ನೆನಪಿರಲಿ. ವಾಪಸ್ ಬರುವುದು ಶುಕ್ರವಾರ. ಭಾನುವಾರ ಇಳಿದು ಸೋಮವಾರ ಡೆಸ್ಕಿಗೆ ಹೋದರೆ, ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ವ್ಯತ್ಯಾಸಕ್ಕೆ ಬೆಳಗಿನ ಜಾವವೇ ಎಚ್ಚರ, ಮಧ್ಯಾಹ್ನ ಮೀಟಿಂಗಿನಲ್ಲಿ ತೂಕಡಿಕೆ. ಒಂದು ವಾರ ಇಲ್ಲಿಯೇ, ಯಾವ ಪ್ಲಾನೂ ಇಲ್ಲದೆ. ನಾಲ್ಕೈದು ಕ್ರಿಸ್ಮಸ್ ಹೊತ್ತಿಗೆ. ಹತ್ತು ದಿನದಲ್ಲಿ ಏಳು ದೇಶ ತೋರಿಸುವ ಬಸ್ ಟೂರಿನ ಬಗ್ಗೆ ಕೇಳಬೇಡ.

ಮುಖ್ಯವಾದ ಮಾತು ಇದು. ಐದು ದಿನ ಮುಟ್ಟಬೇಡ. ನವೆಂಬರ್‌ವರೆಗೆ ಯಾರು ಕರೆದರೂ ಮುಟ್ಟಬೇಡ. ಊರಿನಿಂದ ಯಾವತ್ತು ಯಾವ ಫೋನ್ ಬರುತ್ತದೋ ಗೊತ್ತಿಲ್ಲ. ತಂದೆ ತಾಯಿ ತೀರಿಕೊಂಡರೆ ಇಲ್ಲಿ ಸಂಬಳ ಸಹಿತ ವಿಶೇಷ ರಜೆ ಸಿಗುವುದು ಸಾಮಾನ್ಯವಾಗಿ ಎರಡು ದಿನ. ಕೆಲವು ಕಾಂಟ್ರಾಕ್ಟ್‌ಗಳಲ್ಲಿ ಅದೂ ಇರುವುದಿಲ್ಲ. ಎರಡು ದಿನ ಮನೆ ತಲುಪಲು ಸಾಲದು, ಇನ್ನು ಹನ್ನೊಂದು, ಹದಿಮೂರರ ಮಾತೆಲ್ಲಿ. ಐದು ರಜೆ, ಹಿಂದೆ ಮುಂದಿನ ಶನಿವಾರ ಭಾನುವಾರ, ಮೇಲೆ ಆ ಎರಡು ದಿನ ಸೇರಿದರೆ ಪ್ರಯಾಣವೂ ಸೇರಿ ಹನ್ನೊಂದು ದಿನ, ಕರ್ಮದ ಬಹುಪಾಲಿಗೆ ನಿಲ್ಲಬಹುದು. ಎಲ್ಲವನ್ನೂ ಮೇ ತಿಂಗಳಲ್ಲೇ ಮುಗಿಸಿ, ಅಕ್ಟೋಬರ್‌ನಲ್ಲಿ ಮ್ಯಾನೇಜರ್ ಮುಂದೆ ಸಂಬಳವಿಲ್ಲದ ರಜೆಗೆ ನಿಂತವರನ್ನು, ವಿಡಿಯೋದಲ್ಲಿ ಕೊನೆಯ ದರ್ಶನ ಮಾಡಿದವರನ್ನು ಇಲ್ಲಿ ಬಹಳ ಕಂಡಿದ್ದೇನೆ. ಆ ಕೊರಗಿಗೆ ಯಾವ ಪರಿಹಾರವೂ ಇಲ್ಲ. ಆ ಐದು ದಿನದ ಜೊತೆ ಕೊನೇ ಗಳಿಗೆಯ ಟಿಕೆಟ್ಟಿನಷ್ಟು ದುಡ್ಡು, ಅವಧಿ ಇರುವ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಸದಾ ಕೈಗೆ ಸಿಗುವಂತಿರಲಿ. ಕಾರ್ಡ್ ಇನ್ನೂ ಬರದೆ ಫಿಕ್ಟ್ಸಿಯೋನ್ಸ್ ಅನ್ನುವ ತಾತ್ಕಾಲಿಕ ಕಾಗದ ಕೊಟ್ಟಿದ್ದರೆ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡು: ವಿದೇಶಿಯರ ವಾಸದ ಕಾಯಿದೆಯ 81ನೇ ಕಲಮಿನ 4ನೇ ಉಪಕಲಮಿಗೆ ಹಾಕಿದ್ದರೆ ಹೊರಗೆ ಹೋಗಿ ಮರಳಿ ಬರಬಹುದು, 3ಕ್ಕೆ ಹಾಕಿದ್ದರೆ ಬರಲಾಗದು. ನವೆಂಬರ್‌ವರೆಗೆ ಐದೂ ಉಳಿದರೆ, ದೇವರು ದೊಡ್ಡವನು. ಮುಂದಿನ ವರ್ಷಕ್ಕೆ ಒಯ್ಯಲು ಎಚ್‌ಆರ್‌ಗೆ ಲಿಖಿತವಾಗಿ ಕೇಳು, ಒಪ್ಪದಿದ್ದರೆ ಡಿಸೆಂಬರ್‌ನ ಕತ್ತಲಲ್ಲಿ ಮಲಗಿ ಕಳೆ.

ರಜೆಯಲ್ಲಿ ಕಾಯಿಲೆ ಬಿದ್ದರೆ ಸುಮ್ಮನಿರಬೇಡ. ಮೊದಲ ದಿನದಿಂದಲೇ ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ ಆ ದಿನಗಳು ರಜೆಯಲ್ಲಿ ಕಳೆಯುವುದಿಲ್ಲ. ಊರಿನಲ್ಲಾದರೆ ಅದೇ ದಿನ ಆಫೀಸಿಗೂ ಇನ್ಶೂರೆನ್ಸಿಗೂ ತಿಳಿಸು, ಇರುವ ವಿಳಾಸ ಕೊಡು. ಡಾಕ್ಟರ್ ಬರೀ “ವೈರಲ್ ಜ್ವರ” ಅಂತ ಬರೆದರೆ ಸಾಲದು, ಇಂಥ ದಿನದಿಂದ ಇಂಥ ದಿನದವರೆಗೆ ಕೆಲಸ ಮಾಡಲು ಅಸಮರ್ಥ ಎಂದೇ ಬರೆಯಬೇಕು. ಹೀಗೆ ಉಳಿತಾಯವಾದ ದಿನಗಳನ್ನು ನೀನೇ ರಜೆಯ ಬಾಲಕ್ಕೆ ಸೇರಿಸಿಕೊಳ್ಳುವಂತಿಲ್ಲ, ಹೊಸದಾಗಿ ಕೇಳಬೇಕು. ಇಲ್ಲಿಯ ಸರ್ಕಾರಿ ವಿಮೆ ಭಾರತದ ಆಸ್ಪತ್ರೆ ಬಿಲ್ ಕಟ್ಟುವುದಿಲ್ಲ, ಪ್ರಯಾಣದ ಆರೋಗ್ಯ ವಿಮೆ ಬೇರೆ ಮಾಡಿಸು. ಲ್ಯಾಪ್‌ಟಾಪ್ ಒಯ್ಯಬೇಡ, ನಿನ್ನ ಕೆಲಸ ನೋಡುವವರ ಹೆಸರನ್ನು ಔಟ್ ಆಫ್ ಆಫೀಸ್‌ನಲ್ಲಿ ಹಾಕಿ ಹೋಗು.

ಭಾನುವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿ ಮುಚ್ಚಿರುತ್ತದೆ, ಸಾಮಾನು ಶನಿವಾರವೇ ತಂದಿಡು. ಗೋಡೆಗೆ ಡ್ರಿಲ್ ಹಾಕಬೇಡ, ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ಮಾಸಿಕ ಪಾಸ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ, ಲೋಕಲ್ ಮತ್ತು ರೀಜನಲ್ ರೈಲಿಗೆಲ್ಲ ನಡೆಯುತ್ತದೆ, ವೇಗದ ಐಸಿಇ ರೈಲಿಗೆ ಇಲ್ಲ. ಬೆಳಿಗ್ಗೆ ಹತ್ತಿ ಉಲ್ಮ್, ಟ್ಯುಬಿಂಗನ್ ನೋಡಿ ಸಂಜೆಗೆ ವಾಪಸ್. ಊರಿಗೆ ಹೋಗುವ ತಿಂಗಳು ಅದನ್ನು ನಿಲ್ಲಿಸಬೇಕೆಂದರೆ ಹಿಂದಿನ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡು.